ಒಟ್ಟಿಗೆ ಕೈಕೊಟ್ಟವು ಯಾವುವು? ಬೋಟಿನ ಸಂಚಾರ ಉಪಕರಣಗಳ ವೈರಿಂಗ್ ಮತ್ತು ನೆಟ್‌ವರ್ಕ್ ದೋಷ ಪತ್ತೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ 61 ದಿನ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಸಾಲುಗಟ್ಟಿ ನಿಂತ ಬೋಟುಗಳ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. ಕ್ಯಾಬಿನ್ನಿನ ಬಾಗಿಲು ಮುಚ್ಚಿರುತ್ತದೆ, ಬ್ಯಾಟರಿ ಬಿಚ್ಚಿಟ್ಟಿರುತ್ತದೆ, ಒಳಗಿನ ತೇವ ಹೊರಗೆ ಹೋಗುವ ದಾರಿಯಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಕೇಳಿಬರುವ ದೂರು ಒಂದೇ: ‘ಜಿಪಿಎಸ್ ಹೋಗಿದೆ.’ ಅದಕ್ಕೆ ಹೆಚ್ಚಿನವರು ಮಾಡುವ ಮದ್ದೂ ಒಂದೇ. ಪಕ್ಕದ ಬೋಟಿನ ಜಿಪಿಎಸ್ ಬಿಚ್ಚಿ ತಂದು ಸಿಕ್ಕಿಸಿ ನೋಡುತ್ತಾರೆ. ಅದು ನಡೆಯುತ್ತದೆ. ಹಳೆಯದು ಕೆಟ್ಟಿದೆ ಎಂದು ತೀರ್ಮಾನವಾಗುತ್ತದೆ, ಹೊಸದು ಬರುತ್ತದೆ, ವಾರದೊಳಗೆ ಅದೂ ಆರಿಹೋಗುತ್ತದೆ.

ಇಲ್ಲಿ ನಡೆದದ್ದೇನೆಂದರೆ, ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಪಿನ್ನಿನ ಮೇಲಿದ್ದ ಕಿಲುಬು ಉಜ್ಜಿಹೋಗಿ ಸಂಪರ್ಕ ಕೆಲಕಾಲ ಸರಿಯಾಯಿತು. ಉಪಕರಣ ಬದಲಿಸುವ ಕೆಲಸವೇ ಸಾಕ್ಷಿಯನ್ನು ಅಳಿಸಿತು. ಆದ್ದರಿಂದ ಈ ಕೈಪಿಡಿಯಲ್ಲಿ ಉಪಕರಣ ಬದಲಿಸಿ ನೋಡುವುದು ಕಟ್ಟಕಡೆಗೆ ಬರುತ್ತದೆ. ಮೊದಲಿಗೆ ಬರುವುದು ಒಂದು ಪ್ರಶ್ನೆ.

ಏನನ್ನೂ ಮುಟ್ಟುವ ಮೊದಲು

ಒಟ್ಟಿಗೆ ಹೋದವು ಯಾವುವು, ಹೋಗದೆ ಉಳಿದವು ಯಾವುವು? ಇದನ್ನು ಬೋಟು ನಡೆಸುವ ತಾಂಡೇಲರ ಬಾಯಿಂದಲೇ ಕೇಳಿ ಕಾಗದದಲ್ಲಿ ಬರೆದುಕೊಳ್ಳಿ. ‘ಎಲ್ಲವೂ ಹೋಗಿತ್ತು’ ಎಂಬ ಉತ್ತರಕ್ಕೆ ಒಪ್ಪಬೇಡಿ. ಪರದೆ ಆರಿತ್ತೇ, ಅಥವಾ ಪರದೆ ಉರಿಯುತ್ತಿದ್ದು ಅಂಕಿಗಳು ಮಾತ್ರ ಮಾಯವಾಗಿದ್ದವೇ? ಎಂಜಿನ್ ಸ್ಟಾರ್ಟ್ ಮಾಡುವಾಗಲೋ, ವಿಂಚ್ ತಿರುಗುವಾಗಲೋ, ವೈರ್‌ಲೆಸ್‌ನಲ್ಲಿ (ವಿಎಚ್‌ಎಫ್ ರೇಡಿಯೋದಲ್ಲಿ) ಮಾತನಾಡುವಾಗಲೋ? ದೋಷ ಒಂದೇ ಆಗಿದ್ದರೆ, ಒಟ್ಟಿಗೆ ಹೋದ ಉಪಕರಣಗಳೆಲ್ಲ ಹಂಚಿಕೊಳ್ಳುವ ಯಾವುದೋ ಒಂದು ತಂತಿ, ಒಂದು ಫ್ಯೂಸ್ ಅಥವಾ ಒಂದು ಜೋಡಣೆ ಇದ್ದೇ ಇರುತ್ತದೆ. ಕೆಲಸ ಮಾಡುತ್ತಲೇ ಉಳಿದದ್ದು ಆ ಜಾಗದಲ್ಲಿ ಪಾಲುದಾರನಲ್ಲ. ಇಷ್ಟರಿಂದಲೇ ಹುಡುಕುವ ಜಾಗ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ.

ಕೆಲವು ಗುಂಪುಗಳು ಪದೇ ಪದೇ ಎದುರಾಗುತ್ತವೆ. ಪ್ಲಾಟರಿನ (ನಕ್ಷೆಯ ಮೇಲೆ ಬೋಟಿನ ಸ್ಥಾನ ತೋರಿಸುವ ಉಪಕರಣ) ಪರದೆ ಉರಿಯುತ್ತಿದೆ, ಆದರೆ ಸ್ಥಾನ, ಆಳ, ಎಐಎಸ್ (ಬೋಟುಗಳು ತಮ್ಮ ಗುರುತು, ಸ್ಥಾನವನ್ನು ರೇಡಿಯೋದಲ್ಲಿ ಪರಸ್ಪರ ತಿಳಿಸುವ ವ್ಯವಸ್ಥೆ) ತೋರಿಸುವ ಬೋಟುಗಳು ಒಂದೇ ಗಳಿಗೆಯಲ್ಲಿ ಮಾಯವಾದರೆ ದೋಷ ನೆಟ್‌ವರ್ಕಿನ ಮುಖ್ಯ ಕೇಬಲ್‌ನಲ್ಲಿ. ಪ್ಲಾಟರಿನಲ್ಲಿ ಸ್ಥಾನ ಇದ್ದು ವಿಎಚ್‌ಎಫ್ ಮಾತ್ರ ‘ಸ್ಥಾನ ಇಲ್ಲ’ ಎಂದು ಕೂಗಿದರೆ, ಅವೆರಡರ ನಡುವಿನ ಒಂದು ಜೊತೆ ದತ್ತಾಂಶ ತಂತಿಯಲ್ಲಿ. ಆಳ ಮಾತ್ರ ಹೋದರೆ ಫಿಶ್ ಫೈಂಡರ್ (ಶಬ್ದದ ಅಲೆಯಿಂದ ಆಳ, ಮೀನು ತೋರಿಸುವ ಉಪಕರಣ) ಮತ್ತು ಆ ಅಲೆಯನ್ನು ನೀರಿಗೆ ಕಳುಹಿಸಿ ಮರಳಿ ಪಡೆಯುವ ಅದರ ಟ್ರಾನ್ಸ್‌ಡ್ಯೂಸರ್ ಬಿಟ್ಟು ಬೇರೆ ಕಡೆ ಹೋಗುವುದೇ ಬೇಡ. ಪರದೆಗಳೇ ಒಟ್ಟಿಗೆ ಆರಿ ಮತ್ತೆ ಹತ್ತಿಕೊಂಡರೆ ವಿದ್ಯುತ್ ಪೂರೈಕೆಯಲ್ಲಿ.

ಇನ್ನೊಂದು ಗುಂಪಿದೆ, ವಿಚಿತ್ರವಾದದ್ದು. ಪ್ಲಾಟರ್, ತನ್ನದೇ ಜಿಪಿಎಸ್ ಆಂಟೆನಾ ಇರುವ ಎಐಎಸ್, ಜೇಬಿನ ಮೊಬೈಲ್ ಮೂರೂ ಒಂದೇ ಹೊತ್ತಿಗೆ ಸ್ಥಾನ ಕಳೆದುಕೊಂಡರೆ ಅಥವಾ ಮೂರೂ ಒಣನೆಲದ ಮೇಲೆ ಬೋಟನ್ನು ತೋರಿಸಿದರೆ, ಅವು ಹಂಚಿಕೊಳ್ಳುವುದು ಆಕಾಶವನ್ನು ಮಾತ್ರ. ಪರ್ಷಿಯನ್ ಕೊಲ್ಲಿ, ಕಪ್ಪು ಸಮುದ್ರ, ಪೂರ್ವ ಮೆಡಿಟರೇನಿಯನ್‌ಗಳಲ್ಲಿ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದು ಹಲವು ವರ್ಷಗಳಿಂದ ನಡೆದಿದೆ. ಕೊಲ್ಲಿಯ ಕಡೆ ಹಡಗಿನಲ್ಲಿ ದುಡಿಯುವ ನಮ್ಮ ಕರಾವಳಿಯವರು ಇದನ್ನು ಓದುತ್ತಿದ್ದರೆ, ಅಂಥ ಹೊತ್ತಿನಲ್ಲಿ ಸ್ಕ್ರೂಡ್ರೈವರ್ ಕೆಳಗಿಡಿ. ರೇಡಾರ್, ದಿಕ್ಸೂಚಿ ಮತ್ತು ಆಳದ ಅಂಕಿಯನ್ನು ನಂಬಿ ಹಡಗು ನಡೆಸಿ.

ಕೈಯಲ್ಲಿ ಇರಬೇಕಾದ್ದು

ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನು ಹಿಡಿದಿಡುವ ಮಲ್ಟಿಮೀಟರ್, ಎರಡು ಎಳೆ ತಂತಿ ಜೋಡಿಸಿದ 12 ವೋಲ್ಟಿನ 21 ವಾಟ್ ವಾಹನದ ಬಲ್ಬ್, ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಎನ್‌ಎಂಇಎ 2000 ಜಾಲದ ತುದಿಗೆ ಹಾಕುವ ಎರಡು ಬಿಡಿ ಟರ್ಮಿನೇಟರ್‌ಗಳು (ಒಂದು ಗಂಡು, ಒಂದು ಹೆಣ್ಣು), ಹಳೆಯ ಎನ್‌ಎಂಇಎ 0183 ತಂತಿಗಳ ಆರ್‌ಎಸ್-422 ಸಂಕೇತ ಓದಬಲ್ಲ ಯುಎಸ್‌ಬಿ ಪರಿವರ್ತಕ, ಒಂದು ಹಳೆಯ ಲ್ಯಾಪ್‌ಟಾಪ್. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ನಡೆಯಲಿ. ಇನ್ವರ್ಟರಿಗೆ ಚಾರ್ಜರ್ ಸಿಕ್ಕಿಸಿ ಅಳತೆಗೆ ಕುಳಿತರೆ ಋಣ ತಂತಿಗಳ ನಡುವೆ ಹೊಸ ಸುತ್ತು ಹುಟ್ಟಿ, ಇಲ್ಲದ ದೋಷ ಕಾಣಿಸಿಕೊಳ್ಳುತ್ತದೆ. ಮತ್ತೊಂದು: ಅಂಟುಪಟ್ಟಿ ಮತ್ತು ಪೆನ್ನು. ಬಿಚ್ಚುವ ಪ್ರತಿ ತಂತಿಗೂ ಬಿಚ್ಚುವ ಮೊದಲೇ ಹೆಸರು ಹಚ್ಚಿ. ದತ್ತಾಂಶ ತಂತಿಗಳ ಬಣ್ಣಕ್ಕೆ ಕಂಪನಿಗಳ ನಡುವೆ ಒಪ್ಪಂದವೇ ಇಲ್ಲ. ಒಬ್ಬರ ಬಿಳಿ ಇನ್ನೊಬ್ಬರ ಹಸಿರು.

ವಿದ್ಯುತ್: ಹೊರೆ ಹಾಕದೆ ಅಳೆದ ವೋಲ್ಟ್ ಸುಳ್ಳು

ಪ್ಲಾಟರಿನ ಪ್ಲಗ್ ಕಿತ್ತು, ಅದರ ಪಿನ್ನಿಗೆ ಮೀಟರ್ ಇಟ್ಟು, ‘12.6 ಬರುತ್ತಿದೆ, ಕರೆಂಟ್ ಸರಿ ಇದೆ’ ಎನ್ನುವುದು ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಮೀಟರಿಗೆ ಬೇಕಾದ ವಿದ್ಯುತ್ ಅತ್ಯಲ್ಪ. ಕಿಲುಬು ತಿಂದು ಒಂದೇ ಎಳೆ ಉಳಿದ ತಂತಿಯಲ್ಲೂ ಅದು 12.6 ತೋರಿಸುತ್ತದೆ. ಅದೇ ತುದಿಗೆ 21 ವಾಟ್ ಬಲ್ಬ್ ಹಚ್ಚಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಆಗ ಅಂಕಿ 9ಕ್ಕೆ ಕುಸಿದರೆ ದೋಷ ನಿಮ್ಮ ಕೈಗೆ ಸಿಕ್ಕಿತು.

ಕುಸಿತ ಎಲ್ಲಿ ಆಗುತ್ತಿದೆ ಎಂದು ಹುಡುಕುವುದಕ್ಕೆ ಸುಲಭ ದಾರಿ ಇದೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಉಪಕರಣದ ಧನ ತುದಿಗೂ ಇಡಿ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಎರಡನೆಯ ಕಡ್ಡಿಯನ್ನು ಹಿಂದಕ್ಕೆ ಸರಿಸುತ್ತ ಬನ್ನಿ: ಸ್ವಿಚ್ಚಿನ ಈಚೆ, ಸ್ವಿಚ್ಚಿನ ಆಚೆ, ಫ್ಯೂಸಿನ ಈಚೆ, ಆಚೆ. ಯಾವ ಹೆಜ್ಜೆಯಲ್ಲಿ ಅಂಕಿ ದಿಢೀರನೆ ಇಳಿಯಿತೋ ಆ ಹೆಜ್ಜೆಯೇ ಕಳ್ಳ. ಬಳಿಕ ಇದನ್ನೇ ಋಣ ಬದಿಯಲ್ಲೂ ಮಾಡಿ. ಋಣ ಬದಿಯನ್ನು ಯಾರೂ ನೋಡುವುದಿಲ್ಲ, ಅರ್ಧದಷ್ಟು ದೋಷಗಳು ಅಲ್ಲೇ ಅಡಗಿರುತ್ತವೆ. ಸಂಚಾರ ಉಪಕರಣಗಳಿಗೆ ಹೋಗಿ ಬರುವ ಒಟ್ಟು ನಷ್ಟ ಶೇ 3ರೊಳಗೆ, ಅಂದರೆ 12 ವೋಲ್ಟಿನಲ್ಲಿ ಸುಮಾರು 0.36 ವೋಲ್ಟಿನೊಳಗೆ ಇರಬೇಕು.

‘ವೈರ್‌ಲೆಸ್‌ನಲ್ಲಿ ಮಾತನಾಡಲು ಗುಂಡಿ ಒತ್ತಿದರೆ ಪ್ಲಾಟರ್ ಆರಿ ಹತ್ತುತ್ತದೆ’ ಎಂಬ ದೂರನ್ನು ಲೆಕ್ಕ ಹಾಕಿಯೇ ಬಿಡಿಸಬಹುದು. 25 ವಾಟಿನ ವಿಎಚ್‌ಎಫ್ ಪ್ರಸಾರದ ಹೊತ್ತಿಗೆ ಐದಾರು ಆಂಪಿಯರ್ ಎಳೆಯುತ್ತದೆ. ಎರಡಕ್ಕೂ ಒಂದೇ 1 ಚದರ ಮಿಲಿಮೀಟರ್ ತಂತಿ ಬ್ಯಾಟರಿಯಿಂದ ಕ್ಯಾಬಿನ್ನಿಗೆ 8 ಮೀಟರ್ ಬಂದಿದೆ ಎಂದುಕೊಳ್ಳಿ. ಹೋಗಿ ಬರುವ 16 ಮೀಟರಿಗೆ ರೋಧ ಸುಮಾರು 0.29 ಓಮ್. 5.5 ಆಂಪಿಯರಿಗೆ 1.6 ವೋಲ್ಟ್ ದಾರಿಯಲ್ಲೇ ಹೋಯಿತು. ಬ್ಯಾಟರಿ ಸ್ವಲ್ಪ ಸೋತಿದ್ದರೆ ಪ್ಲಾಟರಿಗೆ ಉಳಿಯುವುದು 10.5ರ ಆಸುಪಾಸು. 6 ಚದರ ಮಿಲಿಮೀಟರ್ ತಂತಿ ಎಳೆದರೆ ನಷ್ಟ 0.3 ವೋಲ್ಟಿಗಿಂತ ಕಡಿಮೆ. ಪ್ಲಾಟರ್ ನಿರಪರಾಧಿ.

ಸ್ಟಾರ್ಟರ್ ತಿರುಗುವಾಗ ಮಾತ್ರ ಆರಿದರೆ ಮೀಟರನ್ನು ‘ಕನಿಷ್ಠ’ ಸ್ಥಿತಿಗೆ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ. 9 ವೋಲ್ಟಿಗಿಂತ ಕೆಳಗೆ ಇಳಿದರೆ ಸಂಚಾರ ಉಪಕರಣಗಳಿಗೆ ಬೇರೆ ಬ್ಯಾಟರಿ ಕೊಡುವುದೇ ಸರಿಯಾದ ದಾರಿ.

24 ವೋಲ್ಟಿನ ಬೋಟುಗಳಲ್ಲಿ ಎರಡು ಬಲೆಗಳಿವೆ. ಸಾಲಾಗಿ ಕಟ್ಟಿದ ಎರಡು ಬ್ಯಾಟರಿಗಳಲ್ಲಿ ಕೆಳಗಿನದರಿಂದ ಮಾತ್ರ 12 ವೋಲ್ಟ್ ಕದ್ದು ವಿಎಚ್‌ಎಫ್‌ಗೆ ಕೊಡುವುದು ಮೊದಲನೆಯದು. ಆ ಬ್ಯಾಟರಿ ಸದಾ ಅರೆಹೊಟ್ಟೆ, ಮೇಲಿನದಕ್ಕೆ ಸದಾ ಅತಿಚಾರ್ಜ್. ವರ್ಷದೊಳಗೆ ಎರಡೂ ಹಾಳು. ಎರಡನೆಯದು ಇನ್ನೂ ದುಬಾರಿ. ಬಹಳಷ್ಟು ಪ್ಲಾಟರ್‌ಗಳು 10ರಿಂದ 30 ವೋಲ್ಟಿನವರೆಗೆ ತಡೆದುಕೊಳ್ಳುತ್ತವೆ. ಅದನ್ನು ನೋಡಿ ಎನ್‌ಎಂಇಎ 2000 ನೆಟ್‌ವರ್ಕಿಗೂ ನೇರವಾಗಿ 24 ಕೊಡುವವರಿದ್ದಾರೆ. ಆ ನೆಟ್‌ವರ್ಕಿನ ಮಿತಿ 9ರಿಂದ 16 ವೋಲ್ಟ್. ಸೆನ್ಸರ್‌ಗಳು ಸುಟ್ಟುಹೋಗಬಹುದು. 24 ವೋಲ್ಟಿನ ಬೋಟಿನಲ್ಲಿ ನೆಟ್‌ವರ್ಕಿಗೆ ಪರಿವರ್ತಕದ ಮೂಲಕವೇ ವಿದ್ಯುತ್ ಹೋಗಬೇಕು.

ತಂತಿಯ ತುದಿಯನ್ನು ಕತ್ತರಿಸಿ ನೋಡುವುದಕ್ಕೆ ಹಿಂಜರಿಯಬೇಡಿ. ಮನೆ ವೈರಿಂಗಿನ ತಾಮ್ರದಲ್ಲಿ ಉಪ್ಪುನೀರು ಹೊದಿಕೆಯೊಳಗೆ ಎಳೆಗಳ ನಡುವೆ ಏರುತ್ತ ಹೋಗುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಎಳೆಗಳು ಕಪ್ಪಾಗಿರುತ್ತವೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ; ಸಿಗದಿದ್ದರೆ ಇಡೀ ತಂತಿ ಬದಲಿಸಿ. ತವರ ಲೇಪಿಸಿದ ತಾಮ್ರ, ಒಳಗೆ ಅಂಟಿರುವ ಶಾಖಕ್ಕೆ ಕುಗ್ಗುವ ತೋಳು, ಸರಿಯಾದ ಇಕ್ಕಳದಿಂದ ಒತ್ತಿದ ಕ್ರಿಂಪ್ ಇಷ್ಟಿದ್ದರೆ ಹಲವು ಮಳೆಗಾಲ ನಿಶ್ಚಿಂತೆ. ಬಿಳಿ ಪ್ಲಾಸ್ಟಿಕ್ಕಿನ ಸ್ಕ್ರೂ ಕನೆಕ್ಟರ್ ಪಟ್ಟಿಗಳನ್ನು ಬೋಟಿನಲ್ಲಿ ಕಂಡರೆ ನನಗೆ ಕೈ ತುರಿಸುತ್ತದೆ. ಅವುಗಳನ್ನು ಕಿತ್ತೆಸೆದರೆ ಎಷ್ಟೋ ಬೋಟುಗಳಲ್ಲಿ ಮುಂದಿನ ಓದು ಬೇಕಾಗುವುದೇ ಇಲ್ಲ.

ಎನ್‌ಎಂಇಎ 2000: ಎರಡು ಪಿನ್, ಒಂದು ಅಂಕಿ

ಹೊಸ ಪ್ಲಾಟರ್, ಸೆನ್ಸರ್‌ಗಳ ನಡುವೆ ಈಗ ಹೆಚ್ಚಾಗಿ ಇರುವುದು ಈ ಜಾಲ. ಇದರ ಒಳಗಿರುವುದು ಕಾರುಗಳಲ್ಲಿ ಬಳಸುವ ಕ್ಯಾನ್ ಬಸ್. ವೇಗ ಸೆಕೆಂಡಿಗೆ 250 ಕಿಲೋಬಿಟ್. ಒಂದು ಮುಖ್ಯ ಕೇಬಲ್, ಅದಕ್ಕೆ ಇಂಗ್ಲಿಷಿನ T ಆಕಾರದ ಟೀ ಜೋಡಣೆಗಳು, ಪ್ರತಿ ಟೀಯಿಂದ ಒಂದು ಉಪಕರಣಕ್ಕೆ ಕವಲು ಕೇಬಲ್, ಮುಖ್ಯ ಕೇಬಲ್ಲಿನ ಎರಡು ತುದಿಗಳಲ್ಲಿ ತಲಾ 120 ಓಮ್‌ನ ಟರ್ಮಿನೇಟರ್. ಐದು ಪಿನ್‌ಗಳಲ್ಲಿ 1 ಕವಚ, 2 ಧನ (ಕೆಂಪು), 3 ಋಣ (ಕಪ್ಪು), 4 ನೆಟ್-ಎಚ್ (ಬಿಳಿ), 5 ನೆಟ್-ಎಲ್ (ನೀಲಿ).

ಜಾಲದ ವಿದ್ಯುತ್ ಪೂರ್ತಿ ಆರಿಸಿ, ಖಾಲಿ ಇರುವ ಯಾವುದಾದರೂ ಟೀಯಲ್ಲಿ 4 ಮತ್ತು 5ನೇ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಎರಡು 120 ಓಮ್‌ಗಳು ಸಮಾಂತರವಾಗಿರುವುದರಿಂದ 60 ಬರಬೇಕು. ಉಪಕರಣಗಳು ಜೋಡಿಸಿದ್ದಾಗ ಒಂದೆರಡು ಓಮ್ ಕಡಿಮೆ ಬಂದರೆ ಚಿಂತೆಯಿಲ್ಲ. ವೈದ್ಯರು ಮೊದಲು ನಾಡಿ ಹಿಡಿಯುವಂತೆ ಈ ಅಳತೆ. ಇದೊಂದನ್ನು ಕಲಿತರೆ ಜಾಲದ ಬಹುತೇಕ ಕಾಯಿಲೆ ಗೊತ್ತಾಗುತ್ತದೆ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ, ಅಥವಾ ಮುಖ್ಯ ಕೇಬಲ್ ನಡುವೆ ತುಂಡಾಗಿದೆ. 40 ಬಂದರೆ ಮೂರನೆಯ ಟರ್ಮಿನೇಟರ್ ಎಲ್ಲೋ ಅವಿತಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ತಾಗಿವೆ ಅಥವಾ ಕನೆಕ್ಟರಿನೊಳಗೆ ನೀರಿದೆ. 75, 90 ಎಂಬಂಥ ನಡುವಿನ ಅಂಕಿಗಳು ಬಂದು, ಕೇಬಲ್ ಅಲುಗಿಸಿದಾಗ ಬದಲಾದರೆ ಪಿನ್ನಿನ ಮೇಲೆ ಕಿಲುಬು.

ಟರ್ಮಿನೇಟರ್ ಒಂದು ಇಲ್ಲದಿದ್ದರೂ ಪುಟ್ಟ ಜಾಲ ನಡೆಯುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ. ಪ್ಲಾಟರ್ ಮತ್ತು ಜಿಪಿಎಸ್ ಮಾತ್ರ ಇದ್ದಾಗ ವರ್ಷಗಟ್ಟಲೆ ಸರಿ ಇರುತ್ತದೆ; ಎಐಎಸ್ ಸೇರಿಸಿದ ದಿನ ಎಲ್ಲವೂ ತಡವರಿಸತೊಡಗುತ್ತದೆ. ಬೈಗುಳ ತಿನ್ನುವುದು ಹೊಸದಾಗಿ ಬಂದ ಎಐಎಸ್. ಗುಂಪಿನ ಪ್ರಶ್ನೆಯನ್ನು ಕೇಳಿದ್ದರೆ, ಎಐಎಸ್ ಜೊತೆಗೆ ಆಳವೂ ಸ್ಥಾನವೂ ತಡವರಿಸುತ್ತಿವೆ ಎಂಬುದು ಕಾಣುತ್ತಿತ್ತು.

ಎರಡೂ ತುದಿಗಳಲ್ಲಿ ಟರ್ಮಿನೇಟರ್ ಇದ್ದೂ 120 ಬಂದರೆ ತುಂಡಾದ ಜಾಗವನ್ನು ಹೀಗೆ ಹುಡುಕಿ. ಮುಂದಿನ ತುದಿಯ ಟರ್ಮಿನೇಟರ್ ತೆಗೆಯಿರಿ. ನೀವು ಅಳೆಯುತ್ತಿರುವ ಟೀಯಲ್ಲಿ 120 ಹಾಗೆಯೇ ಉಳಿದರೆ, ತುಂಡಾದದ್ದು ನಿಮಗೂ ಮುಂದಿನ ತುದಿಗೂ ನಡುವೆ. ಅಂಕಿ ಅನಂತವಾದರೆ ನಿಮಗೂ ಹಿಂದಿನ ತುದಿಗೂ ನಡುವೆ. ಆ ಬದಿಯ ನಟ್ಟನಡುವಿನ ಟೀಗೆ ಹೋಗಿ ಮತ್ತೆ ಇದನ್ನೇ ಮಾಡಿ. ಟೀಗಳು ಎಷ್ಟೇ ಇರಲಿ, ನಾಲ್ಕೈದು ಹೆಜ್ಜೆಗಳಲ್ಲಿ ಜಾಗ ಸಿಗುತ್ತದೆ.

60 ಸರಿಯಾಗಿ ಬಂದರೂ ಜಾಲ ಮೂಕವಾಗಿದ್ದರೆ ವಿದ್ಯುತ್ ಹಾಕಿ, 3ನೇ ಪಿನ್ನಿಗೆ ಹೋಲಿಸಿ 4 ಮತ್ತು 5ನ್ನು ಅಳೆಯಿರಿ. ಮಾತುಕತೆ ನಡೆಯುತ್ತಿರುವ ಜಾಲದಲ್ಲಿ ನೆಟ್-ಎಚ್ 2.5ಕ್ಕಿಂತ ತುಸು ಮೇಲೆ, ನೆಟ್-ಎಲ್ ತುಸು ಕೆಳಗೆ ಇರುತ್ತವೆ. ಎರಡನ್ನೂ ಕೂಡಿದರೆ 5ರ ಆಸುಪಾಸು. ಎರಡೂ 2.5ರಲ್ಲಿ ಅಲುಗದೆ ನಿಂತಿದ್ದರೆ ಯಾರೂ ಮಾತನಾಡುತ್ತಿಲ್ಲ. ಒಂದು ಸೊನ್ನೆಗೋ 12ಕ್ಕೋ ಅಂಟಿಕೊಂಡಿದ್ದರೆ ಆ ತಂತಿ ಋಣಕ್ಕೋ ಧನಕ್ಕೋ ತಾಗಿದೆ, ಅಥವಾ ಒಂದು ಉಪಕರಣದ ಒಳಗೆ ಸರ್ಕ್ಯೂಟ್ ಸುಟ್ಟು ಇಡೀ ಜಾಲವನ್ನು ಕೆಳಗೆಳೆಯುತ್ತಿದೆ. ಕವಲು ಕೇಬಲ್‌ಗಳನ್ನು ಒಂದೊಂದಾಗಿ ಬಿಚ್ಚಿ; ಯಾವುದನ್ನು ಬಿಚ್ಚಿದಾಗ ಅಂಕಿ ಸರಿಯಾಗುತ್ತದೆಯೋ ಅದೇ. ಜಾಲ ದೊಡ್ಡದಾಗಿದ್ದರೆ ಮುಖ್ಯ ಕೇಬಲನ್ನು ನಡುವೆ ಬಿಚ್ಚಿ, ವಿದ್ಯುತ್ ಬರುವ ಅರ್ಧದ ತುದಿಗೆ ಬಿಡಿ ಟರ್ಮಿನೇಟರ್ ಹಾಕಿ ಆ ಅರ್ಧವನ್ನು ಮಾತ್ರ ನಡೆಸಿ ನೋಡಿ.

ಅಳತೆಗಳೆಲ್ಲ ಸರಿ ಇದ್ದರೂ ಹಾಕಿದ ರೀತಿಯೇ ತಪ್ಪಿರಬಹುದು. ಒಂದು ಕವಲು 6 ಮೀಟರ್ ಮೀರಬಾರದು, ಎಲ್ಲ ಕವಲುಗಳ ಮೊತ್ತ 78 ಮೀಟರ್ ಮೀರಬಾರದು, ತೆಳು ಕೇಬಲ್ಲಿನ ಮುಖ್ಯ ಸಾಲು 100 ಮೀಟರ್ ಮೀರಬಾರದು. ನಮ್ಮ ಬೋಟುಗಳಲ್ಲಿ ಉದ್ದದ ಮಿತಿ ಅಪರೂಪಕ್ಕೆ ಮುರಿಯುತ್ತದೆ, ಮುರಿಯುವುದು ಆಕಾರ. ಒಂದೇ ಟೀಯ ಕವಲಿನಿಂದ ಇನ್ನೊಂದು ಟೀ, ಅದರಿಂದ ಮತ್ತೊಂದು, ಹೀಗೆ ಕೊಂಬೆಗೆ ಕೊಂಬೆ ಬೆಳೆದು ಮುಖ್ಯ ಸಾಲು ಯಾವುದೆಂದೇ ತಿಳಿಯದಂತಾಗಿರುತ್ತದೆ. ವಿದ್ಯುತ್ತನ್ನು ಎರಡು ಕಡೆಯಿಂದ ಕೊಟ್ಟಿರುವುದೂ ಉಂಟು. ಕವಚದ ತಂತಿಯನ್ನು ಒಂದೇ ಜಾಗದಲ್ಲಿ ನೆಲಕ್ಕೆ ಕಟ್ಟಬೇಕು ಎಂಬುದನ್ನು ಮರೆತಿರುವುದೂ ಉಂಟು.

ತುದಿಯ ಉಪಕರಣ ಮಾತ್ರ ಬಂದು ಹೋಗುತ್ತಿದ್ದರೆ ಜಾಲದೊಳಗಿನ ವೋಲ್ಟ್ ನಷ್ಟವನ್ನು ಲೆಕ್ಕ ಹಾಕಿ. ಪ್ರತಿ ಉಪಕರಣದ ಮೇಲೆ ಎಲ್‌ಇಎನ್ ಎಂಬ ಅಂಕಿ ಇರುತ್ತದೆ, ಅದು ಜಾಲದಿಂದ ಎಳೆಯುವ ವಿದ್ಯುತ್ತಿನ ಅಳತೆ. 1 ಎಂದರೆ 50 ಮಿಲಿಆಂಪಿಯರ್. ಒಟ್ಟು 20 ಇದ್ದು, ಅವೆಲ್ಲ 20 ಮೀಟರ್ ತೆಳು ಕೇಬಲ್ಲಿನ ಕೊನೆಯಲ್ಲಿದ್ದರೆ, ಮೀಟರಿಗೆ 0.057 ಓಮ್ ಲೆಕ್ಕದಲ್ಲಿ ಹೋಗಿ ಬರುವಾಗ 2.28 ವೋಲ್ಟ್ ಕಳೆಯುತ್ತದೆ. ಬ್ಯಾಟರಿ 11.5ಕ್ಕೆ ಇಳಿದ ರಾತ್ರಿ ಆ ತುದಿಗೆ ಸಿಗುವುದು 9ರ ಅಂಚು. ವಿದ್ಯುತ್ ಕೊಡುವ ಟೀಯನ್ನು ತುದಿಯಿಂದ ನಡುವಿಗೆ ಸರಿಸಿದರೆ ಸಾಕು.

ಎನ್‌ಎಂಇಎ 0183: ಹಳೆಯದು, ಆದರೆ ಎಲ್ಲೆಡೆ ಇದೆ

ವಿಎಚ್‌ಎಫ್‌ಗೆ ಜಿಪಿಎಸ್ ಸ್ಥಾನ ಕೊಡುವುದು ಇಂದಿಗೂ ಹೆಚ್ಚಾಗಿ ಒಂದು ಜೊತೆ ತಂತಿಯ ಈ ಹಳೆಯ ಸಂಪರ್ಕದ ಮೂಲಕ. ಇಲ್ಲಿ ಒಬ್ಬ ಮಾತನಾಡುತ್ತಾನೆ, ಹಲವರು ಕೇಳುತ್ತಾರೆ. ಮಾತನಾಡುವ ಎರಡು ಉಪಕರಣಗಳ ತಂತಿಗಳನ್ನು ಒಂದೇ ಕಡೆ ಗಂಟು ಹಾಕಿದರೆ ಎರಡರ ಮಾತೂ ಕೆಡುತ್ತದೆ. ಅದಕ್ಕೆ ಹಲವರ ಮಾತನ್ನು ಸರದಿಯಲ್ಲಿ ಒಂದೇ ತಂತಿಗೆ ಹಾಕುವ ಮಲ್ಟಿಪ್ಲೆಕ್ಸರ್ ಬೇಕು. ಮಾತನಾಡುವವನ ‘ಎ’ ಕೇಳುವವನ ‘ಎ’ಗೆ, ‘ಬಿ’ ‘ಬಿ’ಗೆ. ಸುಮ್ಮನಿರುವಾಗ ‘ಎ’ ತಂತಿ ‘ಬಿ’ಗಿಂತ ಕಡಿಮೆ ವೋಲ್ಟಿನಲ್ಲಿರುತ್ತದೆ. ಸಾಮಾನ್ಯ ಮೀಟರಿನಿಂದಲೇ ಇದು ಗೊತ್ತಾಗುವುದರಿಂದ, ಬಣ್ಣ ಮಾಸಿದ ತಂತಿಗಳಲ್ಲಿ ಯಾವುದು ಯಾವುದೆಂದು ತಿಳಿಯಲು ಉಪಕರಣದ ಕೈಪಿಡಿ ಕಳೆದುಹೋಗಿದ್ದರೂ ದಾರಿಯಿದೆ.

ಲ್ಯಾಪ್‌ಟಾಪನ್ನು ಕೇಳುವ ಜಾಗಕ್ಕೆ ಜೋಡಿಸಿ. ಡಾಲರ್ ಚಿಹ್ನೆಯಿಂದ ಆರಂಭವಾಗಿ, ನಕ್ಷತ್ರ ಚಿಹ್ನೆ ಮತ್ತು ಎರಡು ಅಕ್ಷರಗಳಲ್ಲಿ ಮುಗಿಯುವ ಸಾಲುಗಳು ಓದಲು ಸಿಕ್ಕರೆ ತಂತಿ ಸರಿ ಇದೆ. ಏನೂ ಬಾರದಿದ್ದರೆ ತಂತಿ ತುಂಡಾಗಿದೆ, ಅಥವಾ ಮಾತನಾಡುವವನ ಪ್ರಸಾರವನ್ನು ಮೆನುವಿನಲ್ಲಿ ಆರಿಸಿಟ್ಟಿದ್ದಾರೆ. ಅರ್ಥವಿಲ್ಲದ ಕಸ ಬಂದರೆ ಎರಡು ಕಾರಣ: ವೇಗ ಹೊಂದುತ್ತಿಲ್ಲ, ಅಥವಾ ‘ಎ’ ಮತ್ತು ‘ಬಿ’ ಅದಲುಬದಲಾಗಿವೆ. ಸಾಮಾನ್ಯ ಉಪಕರಣಗಳ ವೇಗ ಸೆಕೆಂಡಿಗೆ 4800 ಬಿಟ್, ಎಐಎಸ್‌ನದು 38,400. ವೇಗ ಬದಲಿಸಿಯೂ ಕಸವೇ ಬಂದರೆ ತಂತಿ ಅದಲುಬದಲು ಮಾಡಿ.

4800 ವೇಗದಲ್ಲಿ ಸೆಕೆಂಡಿಗೆ 480 ಅಕ್ಷರ ಮಾತ್ರ ಸಾಗುತ್ತದೆ. ಒಂದು ಸಾಲು 82 ಅಕ್ಷರದವರೆಗೆ ಇರಬಹುದಾದ್ದರಿಂದ ಸೆಕೆಂಡಿಗೆ ಆರು ಸಾಲೂ ಹೋಗುವುದಿಲ್ಲ. ಎಐಎಸ್ ಮತ್ತು ಪ್ಲಾಟರ್ ಎರಡನ್ನೂ 4800ಕ್ಕೆ ಇಟ್ಟರೆ ಹೊರಗಿನ ಕಡಲಿನಲ್ಲಿ ಎಲ್ಲ ಸರಿ ಕಾಣುತ್ತದೆ, ಬಂದರಿನ ಬಾಯಲ್ಲಿ ಬೋಟುಗಳು ದಟ್ಟವಾದಾಗ ಪರದೆಯಿಂದ ಕೆಲವು ಉದುರಿಹೋಗುತ್ತವೆ. ನಿಜಕ್ಕೂ ಎಐಎಸ್ ಬೇಕಾಗುವ ಜಾಗ ಅದೇ.

ಸಾಲುಗಳನ್ನು ಓದುವುದು ಕಷ್ಟವಲ್ಲ. ಆರ್‌ಎಂಸಿ ಎಂಬ ಸಾಲಿನಲ್ಲಿ ಸಮಯದ ಬಳಿಕ ‘ಎ’ ಇದ್ದರೆ ಸ್ಥಾನ ಸಿಕ್ಕಿದೆ, ‘ವಿ’ ಇದ್ದರೆ ಸಿಕ್ಕಿಲ್ಲ. ‘ವಿ’ ಕಂಡರೆ ದತ್ತಾಂಶ ತಂತಿಯನ್ನು ಬಿಟ್ಟು ಆಂಟೆನಾ ಕಡೆಗೆ ತಿರುಗಿ. ಸಾಲಿನ ಆರಂಭದಲ್ಲಿ ‘ಜಿಪಿ’ ಬದಲು ‘ಜಿಎನ್’ ಇದ್ದರೆ ಅದು ಹಲವು ಉಪಗ್ರಹ ಕೂಟಗಳನ್ನು ಬಳಸುವ ಹೊಸ ಜಿಪಿಎಸ್. ಕೆಲವು ಹಳೆಯ ವಿಎಚ್‌ಎಫ್‌ಗಳಿಗೆ ‘ಜಿಎನ್’ ಅರ್ಥವೇ ಆಗುವುದಿಲ್ಲ. ತಂತಿ ಸರಿ, ವೇಗ ಸರಿ, ಆದರೂ ‘ಸ್ಥಾನ ಇಲ್ಲ’ ಎಂದಾಗ ಮೆನುವಿನಲ್ಲಿ ‘ಜಿಪಿ’ ಎಂದು ಕಳುಹಿಸುವ ಆಯ್ಕೆ ಇದೆಯೇ ಎಂದು ಹುಡುಕಿ.

ಸ್ಥಾನ ಸರಿಯಿದ್ದು ದಿನಾಂಕ ಮಾತ್ರ ಹತ್ತೊಂಬತ್ತೂವರೆ ವರ್ಷಕ್ಕೂ ಹಿಂದಿನದಾಗಿದ್ದರೆ ಬ್ಯಾಟರಿ, ವೈರಿಂಗ್ ಯಾವುದರದ್ದೂ ತಪ್ಪಲ್ಲ. ಹಳೆಯ ಜಿಪಿಎಸ್ ಸಂಕೇತ ವಾರಗಳನ್ನು 10 ಬಿಟ್‌ನಲ್ಲಿ ಎಣಿಸುವುದರಿಂದ 1024 ವಾರಕ್ಕೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ, ಬಳಿಕ 2019ರ ಏಪ್ರಿಲ್ 6ರ ರಾತ್ರಿ ಹೀಗಾಯಿತು. ತಂತ್ರಾಂಶ ನವೀಕರಣ ಇದ್ದರೆ ಹಾಕಿ; ಇಲ್ಲದಿದ್ದರೆ ದಿನಾಂಕ ತಪ್ಪಿದ್ದರೂ ಸ್ಥಾನವನ್ನು ನಂಬಬಹುದು.

ಆಂಟೆನಾ ಮತ್ತು ಗದ್ದಲ

ಜಿಪಿಎಸ್ ಆಂಟೆನಾಕ್ಕೆ ಕೇಬಲ್ಲಿನ ನಡುತಂತಿಯಲ್ಲೇ ವಿದ್ಯುತ್ ಹೋಗುತ್ತದೆ. ಆಂಟೆನಾ ಬಿಚ್ಚಿ, ಉಪಕರಣದ ಕಡೆಯಿಂದ ಬಂದ ಕೇಬಲ್ ತುದಿಯಲ್ಲಿ 3ರಿಂದ 5 ವೋಲ್ಟ್ ಇದೆಯೇ ನೋಡಿ. ಇಲ್ಲದಿದ್ದರೆ ಕೇಬಲ್ ಅಥವಾ ಉಪಕರಣ, ಇದ್ದರೆ ಆಂಟೆನಾ. ವಿಎಚ್‌ಎಫ್ ಆಂಟೆನಾವನ್ನು ಓಮ್ ಮೀಟರಿನಿಂದ ಅಳೆದು ಸೊನ್ನೆ ಬಂತೆಂದು ಎಸೆಯಬೇಡಿ; ಹಲವು ಆಂಟೆನಾಗಳ ರಚನೆಯೇ ಹಾಗೆ. ಅಲ್ಲಿ ಬೇಕಾದದ್ದು ಆಂಟೆನಾದಿಂದ ಮರಳಿ ಬರುವ ಶಕ್ತಿಯನ್ನು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್. ಕನೆಕ್ಟರ್ ಬಿಚ್ಚಿದಾಗ ಕೇಬಲ್ಲಿನ ಜಾಲರಿ ಕಪ್ಪಾಗಿದ್ದರೆ ನೀರು ಒಳಗೆ ಹೋಗಿದೆ, ಕೇಬಲ್ ಬದಲಿಸಿ.

ವಿಎಚ್‌ಎಫ್ ಮತ್ತು ಎಐಎಸ್ ಎರಡರ ವ್ಯಾಪ್ತಿಯೂ ರಾತ್ರಿ ಹೊತ್ತಿನಲ್ಲೇ ಕುಗ್ಗಿದರೆ? ಗುಂಪಿನ ಪ್ರಶ್ನೆ ಮತ್ತೆ ಕೇಳಿ: ಅವೆರಡೂ ಹಂಚಿಕೊಳ್ಳುವುದು ಏನು? ತರಂಗಾಂತರ. ಚಾನೆಲ್ 16 ಇರುವುದು 156.8 ಮೆಗಾಹರ್ಟ್ಸ್‌ನಲ್ಲಿ, ಎಐಎಸ್ 161.975 ಮತ್ತು 162.025ರಲ್ಲಿ. ರಾತ್ರಿ ಮಾತ್ರ ಬೋಟಿನಲ್ಲಿ ಹತ್ತುವುದು ಏನು? ಎಲ್‌ಇಡಿ ದೀಪ. ಅಗ್ಗದ ಎಲ್‌ಇಡಿ ದೀಪಗಳೊಳಗಿನ ಸರ್ಕ್ಯೂಟ್ ಈ ತರಂಗಾಂತರಗಳಲ್ಲಿ ಗದ್ದಲ ಎಬ್ಬಿಸುತ್ತದೆ. 2018ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಪರೀಕ್ಷೆ ಸುಲಭ. ದೀಪಗಳನ್ನೆಲ್ಲ ಆರಿಸಿ, ವಿಎಚ್‌ಎಫ್‌ನ್ನು ಯಾರೂ ಮಾತನಾಡದ ಚಾನೆಲ್ಲಿಗೆ ತಿರುಗಿಸಿ, ಸ್ಕ್ವೆಲ್ಚ್ ಗುಂಡಿಯನ್ನು ಸದ್ದು ನಿಲ್ಲುವ ಅಂಚಿಗೆ ತನ್ನಿ. ಈಗ ದೀಪಗಳನ್ನು ಒಂದೊಂದಾಗಿ ಹತ್ತಿಸಿ. ಯಾವ ದೀಪಕ್ಕೆ ಸದ್ದು ಮರಳಿತೋ ಆ ದೀಪ ಬದಲಿಸಿ. ಪ್ರಖರ ಬೆಳಕು ಹಾಯಿಸಿ ಮೀನು ಹಿಡಿಯುವುದಕ್ಕೆ ನಿಷೇಧವಿರುವುದು ಬೇರೆ ಮಾತು; ಈ ತೊಂದರೆಗೆ ಡೆಕ್ಕಿನ ಒಂದು ಕೆಲಸದ ದೀಪ ಸಾಕು.

ಎಐಎಸ್‌ನಲ್ಲಿ ಬೇರೆಯವರು ನಿಮಗೆ ಕಾಣುತ್ತಾರೆ, ನೀವು ಅವರಿಗೆ ಕಾಣುವುದಿಲ್ಲ ಎಂದಾದರೆ ಎಂಎಂಎಸ್‌ಐ ಸಂಖ್ಯೆ (ಬೋಟಿನ ರೇಡಿಯೋ ಗುರುತು) ತುಂಬಿದೆಯೇ ನೋಡಿ. ಭಾರತದ ಬೋಟುಗಳ ಸಂಖ್ಯೆ 419ರಿಂದ ಆರಂಭವಾಗುತ್ತದೆ. ಸಂಖ್ಯೆ ಇಲ್ಲದ ಕ್ಲಾಸ್ ಬಿ ಎಐಎಸ್ (ಸಣ್ಣ ಬೋಟುಗಳದ್ದು) ಕೇಳುತ್ತದೆ, ಹೇಳುವುದಿಲ್ಲ.

ಫಿಶ್ ಫೈಂಡರ್ ಪರದೆಯಲ್ಲಿ ಮಳೆಹನಿಯಂಥ ಚುಕ್ಕೆಗಳು ಎಂಜಿನ್ ನಡೆಯುವಾಗ ಮಾತ್ರ ಬಂದರೆ ಟ್ರಾನ್ಸ್‌ಡ್ಯೂಸರ್ ಕೇಬಲ್ ಆಲ್ಟರ್ನೇಟರ್ ತಂತಿಯ ಪಕ್ಕದಲ್ಲೇ ಸಾಗುತ್ತಿದೆ. ಎರಡನ್ನೂ ದೂರ ಮಾಡಿ. ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಿಸಿ. ವೇಗ ಏರಿದಾಗ ಮಾತ್ರ ತಳ ಕಳೆದುಹೋದರೆ ಅದು ಟ್ರಾನ್ಸ್‌ಡ್ಯೂಸರ್ ಮುಖದ ಮೇಲಿನ ಗುಳ್ಳೆಗಳು. ವೈರಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ದೋಷವಲ್ಲದ ದೋಷಗಳು

ಹಳೆಯ ಜಿಪಿಎಸ್‌ನಲ್ಲಿದ್ದ ಬಲೆ ಸಿಕ್ಕಿಕೊಳ್ಳುವ ಕಲ್ಲಿನ ಗುರುತುಗಳನ್ನು ಹೊಸದಕ್ಕೆ ಕೈಯಿಂದ ತುಂಬಿದ ಮೇಲೆ ‘ಹೊಸ ಜಿಪಿಎಸ್ ಸ್ಥಾನ ತಪ್ಪು ತೋರಿಸುತ್ತದೆ’ ಎಂಬ ದೂರು ಬರುತ್ತದೆ. 13 ಡಿಗ್ರಿ 20.50 ನಿಮಿಷ ಎಂಬುದನ್ನು 13 ಡಿಗ್ರಿ 20 ನಿಮಿಷ 50 ಸೆಕೆಂಡ್ ಎಂದು ತುಂಬಿದರೆ ಗುರುತು 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿಯುತ್ತದೆ. ಹಳೆಯ ಉಪಕರಣದಲ್ಲಿ ಡೇಟಮ್ (ಅಕ್ಷಾಂಶ, ರೇಖಾಂಶ ಎಣಿಸುವ ಆಧಾರ) ಎವರೆಸ್ಟ್ ಎಂದಿದ್ದು ಹೊಸದರಲ್ಲಿ ಡಬ್ಲ್ಯುಜಿಎಸ್-84 ಇದ್ದರೂ ಗುರುತುಗಳೆಲ್ಲ ಒಂದೇ ದಿಕ್ಕಿಗೆ ಸರಿದಿರುತ್ತವೆ. ಒಂದು ಪರದೆ ಆಳವನ್ನು ಮಾರಿನಲ್ಲೂ ಇನ್ನೊಂದು ಮೀಟರಿನಲ್ಲೂ ತೋರಿಸುತ್ತಿದ್ದರೆ ಒಂದಕ್ಕೊಂದು 1.83 ಪಟ್ಟು ವ್ಯತ್ಯಾಸ ಬರುತ್ತದೆ.

ದಿಕ್ಸೂಚಿ ಸೆನ್ಸರ್ ಹತ್ತಿಪ್ಪತ್ತು ಡಿಗ್ರಿ ತಪ್ಪಿದರೆ ‘ಕಾಂತೀಯ ಉತ್ತರ, ನಿಜ ಉತ್ತರ’ ಆಯ್ಕೆಯನ್ನು ದೂರಬೇಡಿ. ನಮ್ಮ ಕರಾವಳಿಯಲ್ಲಿ ಅವೆರಡರ ಅಂತರ ಒಂದೆರಡು ಡಿಗ್ರಿ ಮಾತ್ರ. ಹತ್ತಿರದಲ್ಲಿ ಹಾಡಿನ ಸ್ಪೀಕರ್ ಇದೆಯೇ ನೋಡಿ, ಬಹುಪಾಲು ಇರುತ್ತದೆ.

ಬಂದು ಹೋಗುವ ದೋಷ

ದಕ್ಕೆಯಲ್ಲಿ ಸರಿಯಿದ್ದು ಅಲೆಯಲ್ಲಿ ಕೈಕೊಡುವುದನ್ನು ಹಿಡಿಯಲು ಬೋಟನ್ನು ಕಡಲಿಗೆ ಒಯ್ಯಬೇಕಾಗಿಲ್ಲ. ಎಂಜಿನ್, ಪಂಪ್, ದೀಪ, ವಿಎಚ್‌ಎಫ್ ಎಲ್ಲವನ್ನೂ ಒಟ್ಟಿಗೆ ನಡೆಸಿ, ಮೀಟರನ್ನು ಕನಿಷ್ಠ ಅಂಕಿ ಹಿಡಿಯಲು ಬಿಟ್ಟು, ಕೇಬಲ್ಲಿನ ಉದ್ದಕ್ಕೂ ಒಂದೊಂದು ಜೋಡಣೆಯನ್ನು ಕೈಯಿಂದ ಅಲುಗಿಸುತ್ತ ಹೋಗಿ. ಒಬ್ಬರು ಅಲುಗಿಸಲಿ, ಇನ್ನೊಬ್ಬರು ಪರದೆ ನೋಡಲಿ. ಕೇಬಲ್ ಮರದ ಹಲಗೆಯನ್ನು ತೂರುವ ಜಾಗ, ಕ್ಯಾಬಿನ್ ಮಾಡಿನ ರಂಧ್ರ, ಎಂಜಿನ್ ಕೋಣೆಯ ಬಿಸಿಗೆ ಹೊದಿಕೆ ಗಟ್ಟಿಯಾದ ತಿರುವು ಈ ಮೂರರಲ್ಲಿ ಹೆಚ್ಚಾಗಿ ಸಿಗುತ್ತದೆ. ಸಿಗದಿದ್ದರೆ ಲ್ಯಾಪ್‌ಟಾಪಿನಲ್ಲಿ ಸಾಲುಗಳನ್ನು ದಾಖಲಿಸಲು ಬಿಟ್ಟು ಬೋಟನ್ನು ಕಳುಹಿಸಿ. ಮರಳಿ ಬಂದಾಗ ಯಾವ ಸಮಯಕ್ಕೆ ಯಾವ ಸಾಲುಗಳು ಒಟ್ಟಿಗೆ ನಿಂತವು ಎಂಬುದು ದಾಖಲೆಯಲ್ಲಿರುತ್ತದೆ.

ಇಷ್ಟೆಲ್ಲ ಆದ ಮೇಲೆಯೇ ಉಪಕರಣವನ್ನು ಸಂಶಯಿಸಿ. ಅದನ್ನು ಬಿಚ್ಚಿ ತಂದು, ಚಾರ್ಜ್ ಆದ ಬೇರೆ ಬ್ಯಾಟರಿಗೆ ಒಂದು ಗೇಣು ತಂತಿಯಲ್ಲಿ ಫ್ಯೂಸ್ ಹಾಕಿ ಜೋಡಿಸಿ, ಬಯಲಲ್ಲಿ ಒಂದು ಗಂಟೆ ನಡೆಸಿ. ಅಲ್ಲೂ ಅದೇ ದೋಷ ಬಂದರೆ ದುರಸ್ತಿಗೆ ಕಳುಹಿಸಿ. ಜೊತೆಗಿಡುವ ಚೀಟಿಯಲ್ಲಿ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆಯಬೇಡಿ. ಹೊರೆಯಲ್ಲಿ ಅಳೆದ ವೋಲ್ಟ್, 4 ಮತ್ತು 5ರ ನಡುವಿನ ಓಮ್, ಬಯಲಿನಲ್ಲಿ ದೋಷ ಬರಲು ಹಿಡಿದ ಹೊತ್ತು, ಮೆನುವಿನಲ್ಲಿ ಕಾಣುವ ತಂತ್ರಾಂಶದ ಆವೃತ್ತಿ ಬರೆಯಿರಿ. ಬೋಟಿನಲ್ಲಿ ಉಳಿದ ಖಾಲಿ ಕವಲನ್ನು ಟೀಯಿಂದಲೇ ಬಿಚ್ಚಿ, ಟೀಯ ಬಾಯಿಗೆ ಮುಚ್ಚಳ ತಿರುಗಿಸಿ. ಅದು ಟರ್ಮಿನೇಟರ್ ಆಗಿರದೆ ಬರೀ ಮುಚ್ಚಳವೇ ಎಂದು ಖಚಿತಪಡಿಸಿಕೊಂಡು 60 ಬರುತ್ತಿದೆಯೇ ಮತ್ತೊಮ್ಮೆ ಅಳೆಯಿರಿ.